ಹರಳುಪ್ಪು

ವೀರಪ್ಪನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿ, ತಲೆ ವಾಲದಂತೆ ಬಿಳಿ ಪಂಚೆಯಿಂದ ಬಿಗಿಯುತ್ತಿದ್ದರು. ಅದೇ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಸೊಸೆ ಜ್ಯೋತಿ ತವರಿನವರ ಮುಂದೆ ಬಾಯಿಬಿಟ್ಟಳು. ನವರಾತ್ರಿಗೆ ಮೊದಲೇ ಡಾಕ್ಟರು ಕೈಚೆಲ್ಲಿದ್ದರಂತೆ. ಇನ್ನು ಪಥ್ಯ ಬೇಡ, ಉಪ್ಪು, ಖಾರ, ಏನು ಕೇಳುತ್ತಾರೋ ಕೊಡಿ ಅಂದಿದ್ದರಂತೆ. ಪಾಪ, ಮಾವನವರು ಏನೂ ತಿನ್ನದೇ ಹೋದರು ಎಂದು ಅವಳು ಸೆರಗಿನಿಂದ ಮೂಗೊರೆಸಿಕೊಂಡಳು.

ಗಂಡನ ಹಣೆಗೆ ವಿಭೂತಿ ಹಚ್ಚುತ್ತಿದ್ದ ಸಾವಿತ್ರವ್ವನ ಕೈ ಅಲ್ಲೇ ನಿಂತಿತು. ಬನವಾಸಿ ಬಸ್‌ಸ್ಟ್ಯಾಂಡಿನ ಗದ್ದಲದಲ್ಲೂ ಯಾರು ಎಷ್ಟು ಪ್ಲೇಟ್ ಮಿರ್ಚಿ ಕೇಳಿದರೆಂದು ತಪ್ಪದೆ ಹಿಡಿಯುತ್ತಿದ್ದ ಕಿವಿ ಅವಳದು. ಇದನ್ನು ಬಿಟ್ಟೀತೇ? ಎದ್ದು, ಪಂಚೆಯ ಗಂಟು ಕಟ್ಟುತ್ತಿದ್ದ ಮಗನ ರಟ್ಟೆ ಹಿಡಿದಳು.

“ಡಾಕ್ಟರ್ ಹಂಗ ಅಂದಿದ್ರೇನು?”

ರವೀಂದ್ರ ನೆಲ ನೋಡಿದ. “ಹೂಂನವ್ವಾ.”

“ನನಗ್ಯಾಕ ಹೇಳಲಿಲ್ಲ?”

ಅವನು ಮತ್ತೆ ಪಂಚೆಯ ಗಂಟಿಗೆ ಕೈಹಾಕಿದ. ಭಜನೆಯವರ ತಾಳ ನಿಂತಿತು. ಕೂತಿದ್ದ ಹೆಂಗಸರಲ್ಲೊಬ್ಬಳು, ಇವತ್ತು ಬೇಡ, ಹೆಣ ಮನೆಯಲ್ಲಿದೆ ಎಂದು ಸಮಾಧಾನ ಹೇಳಲು ಬಂದಳು. ಸಾವಿತ್ರವ್ವ ಅವಳನ್ನು ನೋಡಿದ ನೋಟಕ್ಕೆ ಆಕೆ ಹಿಂದೆ ಸರಿದು ಕೂತಳು. ಇವತ್ತಲ್ಲದೆ ಇನ್ನು ಯಾವತ್ತು? ನಾಳೆ ಯಾರ ಮುಂದೆ ಕೇಳಬೇಕು?

ಕಟ್ಟೆಯ ಮೇಲೆ ಉಪ್ಪಿನ ಚೀಲ ಇಳಿಸಿದ್ದರು. ಅವರ ಲಿಂಗಾಯತ ಪದ್ಧತಿಯಲ್ಲಿ ಸತ್ತವರನ್ನು ಕೂರಿಸಿಯೇ ಹೂಳುವುದು. ಕುಣಿಯಲ್ಲಿ ವಿಭೂತಿ, ಬಿಲ್ವಪತ್ರೆ, ಉಪ್ಪು ಹಾಕುವುದು. ಮೊದಲ ಬೊಗಸೆ ಮಗನದು. ಬದುಕಿರುವ ತನಕ ಒಂದು ಹರಳಿಗೂ ಗತಿಯಿಲ್ಲ, ಸತ್ತ ಮೇಲೆ ಚೀಲಗಟ್ಟಲೆ! ಸಾವಿತ್ರವ್ವನಿಗೆ ಮೈಯೆಲ್ಲ ಉರಿಯಿತು.

“ಅಯ್ಯಾರ,” ಎಂದು ಪೂಜೆಗೆ ಅಣಿಮಾಡುತ್ತಿದ್ದ ಸಂಗಯ್ಯನವರನ್ನು ಕರೆದಳು. “ಕುಣಿಯೊಳಗ ಇಂವ ಉಪ್ಪು ಹಾಕಂಗಿಲ್ಲ. ಹೇಳೀನಿ.”

*

ಮೂತ್ರಪಿಂಡ ಕೈಕೊಟ್ಟಾಗಿನಿಂದ ಎರಡು ವರ್ಷ ಆ ಮನೆಯಲ್ಲಿ ಎರಡು ಒಲೆ ಉರಿದವು. ಮಗ ಸೊಸೆಯ ಅಡುಗೆ ಬೇರೆ. ವೀರಪ್ಪನ ಸಪ್ಪೆ ಅಡುಗೆ ಬೇರೆ. ಸಾವಿತ್ರವ್ವ ಗಂಡನ ಪಾತ್ರೆಯಲ್ಲೇ ಉಂಡಳು. ಅವನು ಸಪ್ಪನ್ನ ಉಣ್ಣುವಾಗ ತನ್ನ ಗಂಟಲಲ್ಲಿ ಉಪ್ಪು ಇಳಿಯುವುದಿಲ್ಲ ಅಂದಳು. ಬಾಯಿಗೆ ಮಣ್ಣು ಹಾಕಿಕೊಂಡಂತಾಗುತ್ತಿತ್ತು. ಆದರೂ ಉಂಡಳು.

ವೀರಪ್ಪ ಅಂಗಳದ ಮಂಚದ ಮೇಲೆ ಕೂತು, ತಾವಿಬ್ಬರೂ ನಡೆಸಿದ್ದ ಮಿರ್ಚಿ ಅಂಗಡಿಯ ಮಾತೇ ಆಡುತ್ತಿದ್ದ. ಬೆಳಿಗ್ಗೆ ಎಣ್ಣೆ ಕಾಯುವ ಹೊತ್ತಿಗೆ ಸಿರಸಿ ಬಸ್ಸು ಬಂದು ನಿಲ್ಲುತ್ತಿದ್ದದ್ದು, ಕಂಡಕ್ಟರು ಇಳಿಯುವ ಮೊದಲೇ ಕೂಗುತ್ತಿದ್ದದ್ದು, ತಾನು ಕಲಸಿದ ಹಿಟ್ಟನ್ನು ನಾಲಿಗೆಗೆ ಹಚ್ಚಿ, ‘ಉಪ್ಪು ಇನ್ನೊಂದೀಟು ಹಾಕು’ ಅನ್ನುತ್ತಿದ್ದದ್ದು. ದಿನಾ ಅದೇ ಕೆಲಸ, ದಿನಾ ಅದೇ ಜಗಳ, ಅದರಷ್ಟು ಸುಖ ಇನ್ನೊಂದಿಲ್ಲ. ಆಗ ಗೊತ್ತಾಗಲಿಲ್ಲ ನೋಡು ಅನ್ನುತ್ತಿದ್ದ.

ದೀಪಾವಳಿಯ ಮಧ್ಯಾಹ್ನ ತಟ್ಟೆ ಮುಂದಿಟ್ಟುಕೊಂಡು, ಒಂದೇ ಒಂದು ಹರಳು ಉಪ್ಪು ಕೊಡು ಎಂದ. ಸಾವಿತ್ರವ್ವ ರೇಗಿದಳು. ಬದುಕುವ ಆಸೆ ಇಲ್ಲವೇ, ತನ್ನನ್ನು ನಡುನೀರಲ್ಲಿ ಬಿಟ್ಟು ಹೋಗಬೇಕೆಂದಿದ್ದೀರಾ ಎಂದು ಬಾಯಿಗೆ ಬಂದದ್ದೆಲ್ಲ ಅಂದಳು. ವೀರಪ್ಪ ನಕ್ಕ.

“ಚೇಷ್ಟಿ ಮಾಡಿದೆ ಬಿಡು. ಚಲೋ ಆಗೇತಿ,” ಎಂದು ತಟ್ಟೆ ಖಾಲಿ ಮಾಡಿದ.

ಆಮೇಲೆ ಅವನು ಏನನ್ನೂ ಕೇಳಲಿಲ್ಲ. ವಾರದೊಳಗೆ ಮುಗಿದುಹೋದ.

*

ಸಂಗಯ್ಯ ಪದ್ಧತಿ ತಿಳಿಹೇಳಿದರು. ಹಿರಿಯರು ಬುದ್ಧಿ ಹೇಳಿದರು. ಸಾವಿತ್ರವ್ವ ಉಪ್ಪಿನ ಚೀಲದ ಮೇಲೇ ಕೂತುಬಿಟ್ಟಳು. ಬೇಕಾದರೆ ತನ್ನನ್ನೂ ಸೇರಿಸಿ ಹೊತ್ತೊಯ್ಯಿರಿ ಅಂದಳು. ರವೀಂದ್ರ ಅಂಗಳದ ಮೂಲೆಗೆ ಹೋಗಿ ನಿಂತ.

ಆಗ ದಾದಾಸಾಬ ಮುಂದೆ ಬಂದ. ಡಯಾಲಿಸಿಸ್ಸಿಗೆಂದು ವೀರಪ್ಪನನ್ನು ತನ್ನ ಓಮ್ನಿ ವ್ಯಾನಿನಲ್ಲಿ ಸಿರಸಿಗೆ ಕರೆದೊಯ್ದು ತರುತ್ತಿದ್ದವನು ಅವನೇ.

“ಹುಡುಗನ್ನ ಬೈಬ್ಯಾಡ್ರಿ ಅಕ್ಕಾರ. ಡಾಕ್ಟರ್ ಹೇಳಿದ್ದು ಅಣ್ಣಾರ ಮುಂದನ. ನಿಮ್ಮ ಮುಂದ ಹೇಳಬಾರದು ಅಂತ ಗಾಡ್ಯಾಗ ನಮ್ಮಿಬ್ಬರ ಕಡೆ ಆಣಿ ಮಾಡಿಸಿದವರು ಅವರ.”

“ಯಾಕ?”

ದಾದಾಸಾಬ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. “ಉಪ್ಪಿಲ್ಲದ ಅಡಿಗಿ ಮಾಡೂತನಕ ನಾ ಉಳೀತೀನಿ ಅಂತ ಅಕಿಗೆ ಧೈರ್ಯ ಇರತೈತಿ, ಅಷ್ಟರ ಇರಲಿ ಅಂದ್ರು.”

ಸಾವಿತ್ರವ್ವ ಚೀಲದಿಂದ ಎದ್ದಳು. ನೇರ ಪಡಸಾಲೆಗೆ ನಡೆದಳು. ಹೂವಿನ ಹಾರ ಹಾಕಿಕೊಂಡು, ಪೇಟ ಸುತ್ತಿಸಿಕೊಂಡು ವೀರಪ್ಪ ಊಟಕ್ಕೆ ಕೂತವನ ಹಾಗೆ ಕೂತಿದ್ದ. ಅವಳು ಅವನ ಎದುರು ಕೂತಳು.

“ಹೌದೇನ್ರಿ?” ಎಂದಳು. “ಎಲ್ಲಾರಿಗೂ ಗೊತ್ತು, ನಾ ಒಬ್ಬಾಕಿ ಹುಚ್ಚಿ. ಚಲೋ ಆಗೇತಿ ಅಂದ್ರಿ. ಹಬ್ಬದ ದಿನ ಬೈಸಿಕೊಂಡು ನಕ್ಕರಿ. ಹೇಳಿದ್ರ ಅಳತಾಳ ಅಂದ್ರೇನು? ಅಳತಿದ್ದೆ, ಹೌದು. ಅತ್ತಕೋತನ ಮಿರ್ಚಿ ಕರದು ಕೊಡತಿದ್ದೆ. ಇಬ್ಬರೂ ಕುಂತು ತಿಂತಿದ್ವಿ. ಅಷ್ಟೂ ನಂಬಿಕಿ ಇರಲಿಲ್ಲೇನು ನನ್ನ ಮ್ಯಾಲ?”

ಯಾರೂ ಅವಳನ್ನು ಎಬ್ಬಿಸಲು ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ತಾನೇ ಎದ್ದು, ಹೊತ್ತಾಯಿತು ನಡೀರಿ ಎಂದಳು.

*

ಕುಣಿಯಲ್ಲಿ ವೀರಪ್ಪನನ್ನು ಕೂರಿಸಿ ಆಗಿತ್ತು. ಸಂಗಯ್ಯ ಮಂತ್ರ ಮುಗಿಸಿ ತಲೆಯೆತ್ತಿದರು. ಎಲ್ಲರ ಕಣ್ಣೂ ಸಾವಿತ್ರವ್ವನ ಮೇಲೆ. ಅವಳು ಮಗನನ್ನು ಕೈಸನ್ನೆ ಮಾಡಿ ಕರೆದಳು. ರವೀಂದ್ರ ಬೊಗಸೆ ತುಂಬಿಕೊಂಡ. ಆದರೆ ಬೊಗಸೆ ಪೂರ್ತಿ ಬಿಚ್ಚಲಾರದೆ, ನಾಲ್ಕು ಹರಳನ್ನಷ್ಟೇ ಅಪ್ಪನ ತೊಡೆಯ ಮೇಲೆ ಹಾಕಿದ.

“ಅಷ್ಟಾದ್ರ ಹೆಂಗ? ತುಂಬ ಹಾಕು,” ಎಂದು ಗದರಿದಳು.

ಅವನು ಅಳತೊಡಗಿದ. ಸಾವಿತ್ರವ್ವ ಅವನನ್ನು ಪಕ್ಕಕ್ಕೆ ಸರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಣಿಯ ಅಂಚಿಗೆ ಬಂದಳು. ಬೊಗಸೆ ಬೊಗಸೆಯಾಗಿ ಸುರಿದಳು. ತೊಡೆ ಮುಚ್ಚಿತು, ಕೈ ಮುಚ್ಚಿತು, ಎದೆಯ ತನಕ ಬಂತು. ಸಾಕು ಅನ್ನಲು ಯಾರಿಗೂ ಧೈರ್ಯವಾಗಲಿಲ್ಲ. ಚೀಲ ಬರಿದಾದಾಗ ಅದನ್ನು ಅತ್ತ ಎಸೆದಳು.

ಬೆವತ ಅಂಗೈಗೆ ಒಂದಿಷ್ಟು ಹರಳು ಅಂಟಿದ್ದವು. ಅದನ್ನು ಕೊಡವಲಿಲ್ಲ. ಕುಣಿಯೊಳಗಿನ ಗಂಡನ ಮುಖವನ್ನೇ ದುರುಗುಟ್ಟಿ ನೋಡುತ್ತ, ಅಷ್ಟು ಜನರೆದುರು, ಸಾವಿತ್ರವ್ವ ಅಂಗೈಯನ್ನು ನೆಕ್ಕಿದಳು.