ಗುರುವಾರದ ಎಣಿಕೆ

ಹಸಿದ ಮುಖ ಕಂಡರೆ ಪ್ರೇಮಾವತಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಕರೆದು ಬಡಿಸಲೇಬೇಕು. ಅದು ಅವಳ ಗುಣವೂ ಹೌದು, ಚಟವೂ ಹೌದು.

ಪುಣೆಯ ಪಕ್ಕದ ಚಿಂಚವಾಡದ ಕಾರ್ಖಾನೆ ರಸ್ತೆಯಲ್ಲಿ ಅವಳೂ ಗಂಡ ಹರಿಶ್ಚಂದ್ರನೂ ಮದುವೆಯಾದಾಗಿನಿಂದ ಹೋಟೆಲು ನಡೆಸುತ್ತಿದ್ದಾರೆ. ಎದುರಿಗೇ ಡಿವೈಡರಿನಲ್ಲಿ ಒಂದು ಕಿಂಡಿ. ಆಚೆ ಕಾರ್ಖಾನೆಯ ಗೇಟು, ಈಚೆ ಹೋಟೆಲು, ಅದರ ಹಿಂದೆ ಕಾರ್ಮಿಕರ ಕಾಲೊನಿ. ಪಾಳಿ ಮುಗಿಸಿದವರು ಆ ಕಿಂಡಿಯಲ್ಲೇ ದಾಟಿ, ಇಡ್ಲಿ ತಿಂದು ಮನೆ ಸೇರುತ್ತಾರೆ.

ಬೇಸಿಗೆಯಲ್ಲೊಂದು ದಿನ ಪ್ರಣೀತಾ ಎಂಬ ಬೆಂಗಳೂರಿನ ಹುಡುಗಿ ಬಂದಳು. ನಗರ ಯೋಜನೆಯ ಕಂಪನಿಯವಳು. ಈ ಕಿಂಡಿಯಲ್ಲಿ ಎಷ್ಟು ಜನ ದಾಟುತ್ತಾರೆಂದು ಒಂದು ದಿನ ಕೂತು ಎಣಿಸಬೇಕಂತೆ. ಯಾಕೆಂದು ಪ್ರೇಮಾವತಿ ಕೇಳಲೇ ಇಲ್ಲ. ಕನ್ನಡದ ಹುಡುಗಿ, ಬಿಸಿಲಿಗೆ ಬಾಡಿದ ಮುಖ, ಅವಳಿಗೆ ಅಷ್ಟು ಸಾಕಾಯಿತು.

"ಗುರುವಾರ ಬಾ ಮಾರಾಯ್ತಿ. ಆವತ್ತು ನನಗೆ ಪುರುಸೊತ್ತುಂಟು. ನೀರುದೋಸೆ ಮಾಡ್ತೇನೆ, ನೆರಳಲ್ಲಿ ಕೂತು ಎಣಿಸು."

"ಗುರುವಾರ ಪರ್ಫೆಕ್ಟ್ ಆಂಟಿ. ವಾರದ ಮಧ್ಯದ ದಿನಾನೇ ಎಣಿಸ್ಬೇಕು ಅಂತ ಕಾಲೇಜಲ್ಲೇ ಹೇಳ್ಕೊಟ್ಟಿದಾರೆ."

ಒಬ್ಬಳಿಗೆ ಪಾಠದ ಮೇಲೆ ನಂಬಿಕೆ, ಇನ್ನೊಬ್ಬಳಿಗೆ ಬಡಿಸುವ ಆಸೆ. ಇಬ್ಬರಿಗೂ ತಲೆ ಓಡಲಿಲ್ಲ. ಈ ಭಾಗದ ಕಾರ್ಖಾನೆಗಳಿಗೆ ವಾರದ ರಜೆ ಭಾನುವಾರವಲ್ಲ, ಗುರುವಾರ. ಪ್ರೇಮಾವತಿ ಆವತ್ತು ಹೋಟೆಲಿನ ಬಾಗಿಲು ಹಾಕುವುದೂ ಅದಕ್ಕೇ. ಗುರುವಾರ ಬಂದ ಪ್ರಣೀತಾ ಮುಚ್ಚಿದ ಬಾಗಿಲು ನೋಡಿ, ಪಾಪ, ಆಂಟಿಗೂ ಒಂದು ದಿನ ವಿಶ್ರಾಂತಿ ಬೇಡವೇ ಎಂದುಕೊಂಡು ಜಗಲಿಯಲ್ಲಿ ಕೂತು ಹೊಟ್ಟೆತುಂಬ ದೋಸೆ ತಿಂದಳು. ಕಿಂಡಿಯಲ್ಲಿ ಒಬ್ಬ ಹಾಲಿನವ ದಾಟಿದ, ಎರಡು ನಾಯಿ ದಾಟಿದವು, ಆಮೇಲೆ ಬೆರಳೆಣಿಕೆಯ ಜನ.

ಮಳೆಗಾಲ ಮುಗಿಯುವಷ್ಟರಲ್ಲಿ ಕಿಂಡಿಯ ಪಕ್ಕ ಮರಾಠಿ ಫಲಕವೊಂದು ಎದ್ದಿತು. ಹರಿಶ್ಚಂದ್ರ ಓದಿಕೊಂಡು ಬಂದ.

"ಕಿಂಡಿ ಮುಚ್ತಾರಂತೆ. ದಾಟುವವರೇ ಇಲ್ಲವಂತೆ ಇಲ್ಲಿ. ಯಾವ ಪುಣ್ಯಾತ್ಮ ನೋಡಿದ್ದೋ."

ಪ್ರೇಮಾವತಿಗೆ ಆ ಗುರುವಾರ ನೆನಪಾಯಿತು. ಆ ಪುಣ್ಯಾತ್ಮನಿಗೆ ನೀರುದೋಸೆ ಬಡಿಸಿದವಳು ಅವಳೇ. ಮುಂದಿನ ಸಿಗ್ನಲ್ಲಿನವರೆಗೆ ಯಾರು ಸುತ್ತಿ ಬರುತ್ತಾರೆ? ದಣಿದವರು ಲಾರಿಗಳ ನಡುವೆ ಡಿವೈಡರು ಹಾರುತ್ತಾರೆ. ಕಾರ್ಖಾನೆಯಲ್ಲಿ ಕಸ ಗುಡಿಸುವ ಇಂದೂಬಾಯಿಗೆ ಮೆಟ್ಟಿಲು ಹತ್ತುವುದೇ ಕಷ್ಟ, ಅವಳು ಹಾರುವುದೆಲ್ಲಿಂದ ಬಂತು. ಹೋಟೆಲಿನ ಚಿಂತೆ ಆಮೇಲೆ ಬಂತು, ಬಂದೇ ಬಂತು.

ಅವಳು ಪ್ರಣೀತಾಗೆ ಫೋನು ಮಾಡಿದಳು.

"ನನ್ನಿಂದ ತಪ್ಪಾಯ್ತು ಮಾರಾಯ್ತಿ. ಕಾರ್ಖಾನೆಗೆ ರಜೆ ಇದ್ದ ದಿನ ನಿನ್ನನ್ನು ಕೂರಿಸಿ ಎಣಿಸಲಿಕ್ಕೆ ಬಿಟ್ಟೆ."



"ಗುರುವಾರ ರಜೇನಾ?" ಎಂದಳು ಹುಡುಗಿ. ಆಮೇಲೆ ಮೆಲ್ಲಗೆ, "ನೀವು ಕರೆದಿದ್ದು ತಿಂಡಿಗೆ ಆಂಟಿ. ಎಣಿಸಿದ್ದು ನಾನು. ಸರ್‌ಗೆ ನಾನೇ ಹೇಳ್ತೀನಿ."

ಹೇಳಿದಳು, ಬೈಸಿಕೊಂಡಳು. ಇನ್ನೊಮ್ಮೆ ಎಣಿಸಿ ಜನ ಇದ್ದಾರೆಂದು ತೋರಿಸಿದರೆ ಕಿಂಡಿ ಉಳಿಸುತ್ತೇವೆ ಎಂದು ಮೇಲಿನವರು ಒಪ್ಪಿದರು.

ಮಂಗಳವಾರ ಬಂದಳು. ಸೈರನ್ ಕೂಗಿದ್ದೇ ಗೇಟಿನಿಂದ ಜನ ಉಕ್ಕಿದರು. ಜಗಲಿಯಲ್ಲಿ ಕಾಲಿಡಲು ಜಾಗವಿಲ್ಲ. ಪ್ರಣೀತಾ ಬಿಸಿಲಲ್ಲೇ ಕಿಂಡಿಯ ಪಕ್ಕ ನಿಂತಳು. ಒಳಗೆ ಪ್ರೇಮಾವತಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಒಂದು ಸಲ ಮಾತ್ರ ತಲೆಯೆತ್ತಿ ಹೊರಗೆ ನೋಡಿದಳು.

ಇಂದೂಬಾಯಿ ಕುಂಟುತ್ತ ಕಿಂಡಿ ದಾಟುತ್ತಿದ್ದಳು. ಪಕ್ಕದಲ್ಲಿ ಹುಡುಗಿಯ ತುಟಿ ಅಲುಗಿತು. ಎಣಿಸಿದಳು. ಬಾಡಿದ ಮುಖ, ಬೆಳಗಿನಿಂದ ಏನೂ ತಿಂದಂತಿರಲಿಲ್ಲ. ಬಾ ಎಂಬ ಕರೆ ಪ್ರೇಮಾವತಿಯ ನಾಲಿಗೆಯ ತುದಿಗೆ ಬಂದಿತ್ತು.

ಕರೆದರೆ ಎಣಿಕೆ ತಪ್ಪೀತು. ಅವಳು ಕರೆಯಲಿಲ್ಲ. ಕಣ್ಣೊರೆಸಿಕೊಂಡು ಮುಂದಿನವನ ತಟ್ಟೆಗೆ ಸಾಂಬಾರು ಹಾಕಿದಳು.