ಎತ್ತಬಾರದ ಫೋನು

ಇಸ್ತ್ರಿ ಅಂಗಡಿಯ ಯಜಮಾನಿ ಮಹಾ ಹಟಮಾರಿ. ಒಂದು ಮಾತು ತಲೆಗೆ ಹೊಕ್ಕಿತೆಂದರೆ ಯಾರಪ್ಪ ಬಂದು ಹೇಳಿದರೂ ಜಗ್ಗುವವಳಲ್ಲ. ಅಂಥವಳಿಗೆ, ರಜೆ ಮುಗಿಸಿ ಯುದ್ಧಕ್ಕೆ ವಾಪಸ್ಸು ಹೊರಟ ಮಗ ಹೀಗೆ ಹೇಳಿ ಹೋಗಿದ್ದ:

"ಅಮ್ಮ, ಅಲ್ಲಿ ಫೋನಿನ ಕೆಲಸ ನೋಡ್ಕೊಳ್ಳೋನು ನನ್ನ ದೋಸ್ತ್. ದಿನಾ ಸಂಜೆ ಕದ್ದು ಅಂಗಡಿಗೆ ಒಂದು ರಿಂಗ್ ಕೊಡ್ತೀನಿ. ರಿಂಗ್ ಬಂತು ಅಂದ್ರೆ ಬದುಕಿದೀನಿ ಅಂತ. ಆದ್ರೆ ಎತ್ತಬೇಡ. ಎತ್ತಿದ್ರೆ ಕಾಲ್ ಲೆಕ್ಕಕ್ಕೆ ಬಿದ್ದು ಮೇಲಿನವ್ರಿಗೆ ಗೊತ್ತಾಗುತ್ತೆ, ಇಬ್ರನ್ನೂ ಒಳಗೆ ಹಾಕ್ತಾರೆ."

ಅಲ್ಲಿಂದಾಚೆ ಸಂಜೆಯ ಫೋನು ಮಗನದ್ದಾಯಿತು. ಗಿರಾಕಿಗಳು ಏನಿದ್ದರೂ ಬೆಳಿಗ್ಗೆ ಮಾಡಬೇಕೆಂದು ಆಕೆ ಬೀದಿಗೆಲ್ಲ ಸಾರಿದಳು. ಟಪಾಲು ಎಂದೋ ನಿಂತಿತ್ತು. ಈ ಕಡೆಯಿಂದ ಅವನಿಗೆ ಒಂದು ಸುದ್ದಿ ಮುಟ್ಟಿಸಲೂ ದಾರಿಯಿರಲಿಲ್ಲ. ಸಂಜೆ ಫೋನು ಒಮ್ಮೆ ಬಡಿದು ಸುಮ್ಮನಾದರೆ, "ಇದ್ದಾನೆ" ಎಂದು ಆಕೆ ಮತ್ತೆ ಇಸ್ತ್ರಿಪೆಟ್ಟಿಗೆ ಹಿಡಿಯುತ್ತಿದ್ದಳು. ಸೊಸೆ ಮಾತ್ರ ಧೂಳು ಒರೆಸುವ ನೆಪದಲ್ಲಿ ಫೋನನ್ನು ಸವರಿ ಬರುತ್ತಿದ್ದಳು. ಮದುವೆಯಾದ ಹೊಸತರಲ್ಲೇ ಗಂಡನನ್ನು ಕಳಿಸಿಕೊಟ್ಟವಳು, ಪಾಪ.

ಅವತ್ತು ಮಧ್ಯಾಹ್ನ ಅವರ ಅಂಗಡಿಯಿದ್ದ ಮಾರ್ಕೆಟ್ ಬೀದಿಯ ಮೇಲೆ ಬಾಂಬು ಬಿತ್ತು. ಎದುರು ಸಾಲಿನ ಅಂಗಡಿಗಳು ನೆಲಸಮವಾದವು. ಅತ್ತೆ ಸೊಸೆ ಇಸ್ತ್ರಿ ಮೇಜಿನ ಕೆಳಗೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂತು ಹೇಗೋ ಉಳಿದರು. ಸಂಜೆ ಇಬ್ಬರೂ ಗಿರಾಕಿಗಳ ಬಟ್ಟೆಯಿಂದ ಗಾಜಿನ ಚೂರು ಕೊಡವುತ್ತಿದ್ದಾಗ ಫೋನು ಬಡಿಯಿತು.

"ಇದ್ದಾನೆ" ಎಂದು ಅತ್ತೆ ಉಸಿರು ಬಿಟ್ಟಳು.

ಆದರೆ ಫೋನು ನಿಲ್ಲಲಿಲ್ಲ. ಒಂದೇ ಸಮನೆ ಬಡಿದು, ನಿಂತು, ಮತ್ತೆ ಶುರುವಾಯಿತು. ಸೊಸೆ ಬಟ್ಟೆ ಬಿಸಾಕಿ ಓಡಿದಳು. ಅತ್ತೆ ಅವಳ ಮುಂಗೈ ಹಿಡಿದುಕೊಂಡಳು.

"ಬಿಡಿ ಅತ್ತೆ! ಏನೋ ಹೇಳ್ಬೇಕು ಅಂತ ಮಾಡ್ತಿದಾರೆ!"

"ಅವನನ್ನ ಜೈಲಿಗೆ ಕಳಿಸ್ತೀಯೇನೇ? ಎತ್ತಬೇಡ ಅಂತ ಬಾಯಿಬಿಟ್ಟು ಹೇಳಿ ಹೋಗಿದಾನೆ. ಮಾಡಿದ್ದು ಮರೆತು ಮತ್ತೆ ಮಾಡ್ತಿರ್ತಾನೆ, ಮಂಕುದಿಣ್ಣೆ!"

ಬಡಿದು ಬಡಿದು ಫೋನು ಸುಮ್ಮನಾಯಿತು. ಸೊಸೆಯ ಮುಂಗೈ ಕೆಂಪಾಗಿತ್ತು. ಅತ್ತೆಗೆ ಒಳಗೊಳಗೇ ಖುಷಿ. ಮಗ ಇವತ್ತು ಎರಡೆರಡು ಸಲ ಬದುಕಿದ್ದೇನೆ ಎಂದಿದ್ದಾನಲ್ಲ!

ಅಷ್ಟರಲ್ಲಿ ಗಿರಾಕಿ ಮೇಷ್ಟ್ರು, ಇಸ್ತ್ರಿಗೆ ಕೊಟ್ಟ ಅಂಗಿಯಾದರೂ ಸಿಕ್ಕೀತೇ ಎಂದು ಬಂದರು. ಇವರನ್ನು ಕಂಡವರೇ ಬಾಗಿಲು ಹಿಡಿದು ನಿಂತುಬಿಟ್ಟರು.

"ಅಯ್ಯೋ, ಇದೀರಾ! ಮಾರ್ಕೆಟ್ ಬೀದೀಲಿ ಒಬ್ರೂ ಉಳಿದಿಲ್ಲ ಅಂತ ಆಗಿಂದ ರೇಡಿಯೋದಲ್ಲಿ ಹೇಳ್ತಿದಾರೆ. ದೇಶಕ್ಕೆಲ್ಲ ಗೊತ್ತಾಗಿದೆ."

ಅತ್ತೆಯ ಕೈಯಲ್ಲಿದ್ದ ಅಂಗಿ ಜಾರಿತು. ಮಗನೂ ಕೇಳಿದ್ದಾನೆ. ಅವನು ಬದುಕಿದ್ದೇನೆಂದು ಹೇಳಲು ಮಾಡಿದ್ದಲ್ಲ. ನೀವಿದ್ದೀರಾ ಎಂದು ಕೇಳಲು ಮಾಡಿದ್ದು. ಜೈಲಾದರೂ ಸರಿ, ಒಬ್ಬರಾದರೂ ಎತ್ತಲಿ ಎಂದು ಕಾದಿದ್ದಾನೆ. ಅತ್ತೆ ಓಡಿಹೋಗಿ ರಿಸೀವರ್ ಎತ್ತಿಕೊಂಡು, "ಮಗಾ, ಇದೀವಿ ಕಣೋ, ಇಬ್ರೂ ಇದೀವಿ" ಎಂದು ಕೂಗಿದಳು. ಗುಂಯ್ ಎನ್ನುವ ಸದ್ದು ಬಿಟ್ಟರೆ ಆ ಕಡೆ ಏನೂ ಇರಲಿಲ್ಲ. ತಿರುಗಿ ಮಾಡಲು ನಂಬರಾದರೂ ಯಾವುದು?

ಮರುದಿನ ಒಲೆ ಹಚ್ಚಲಿಲ್ಲ, ಇಸ್ತ್ರಿ ಮುಟ್ಟಲಿಲ್ಲ. ಮೊದಲ ಸದ್ದಿಗೇ ಎತ್ತುತ್ತೇನೆಂದು ಅತ್ತೆ ಬೆಳಗಿನಿಂದ ಫೋನಿನ ಮೇಲೆ ಕೈಯಿಟ್ಟು ಕೂತಳು. ಹಾಕಲಿ ಜೈಲಿಗೆ, ಅಲ್ಲಿ ಗುಂಡಾದರೂ ತಾಗುವುದಿಲ್ಲ. ಸಂಜೆಯಾಯಿತು. ಕತ್ತಲೂ ಆಯಿತು. ಫೋನು ಬಡಿಯಲಿಲ್ಲ.

"ಯಾಕೇ ಮಾಡ್ಲಿಲ್ಲ ಅವನು? ಅವನಿಗೇನಾದ್ರೂ ಆಯ್ತೇನೇ?" ಅತ್ತೆ ಸೊಸೆಯ ಸೆರಗು ಹಿಡಿದು ಅಳತೊಡಗಿದಳು. "ಮಾತಾಡೇ. ಬೈಯಾದ್ರೂ ಬೈಯೇ ನನ್ನ."

ಸೊಸೆ ಬೈಯಲಿಲ್ಲ.

"ಯಾರಿಗೆ ಅಂತ ಮಾಡ್ತಾರೆ ಅತ್ತೆ? ಅವರ ಪಾಲಿಗೆ ನಾವು ಸತ್ತಾಯ್ತಲ್ಲ" ಎಂದಳು.