ಸಮುದ್ರವಿಲ್ಲದ ಮೀನು

ಸೊಸೆ ಕೆಲಸ ಮಾಡುತ್ತಿದ್ದದ್ದು ಮೀನು ಸಾಕುವ ಕಾರ್ಖಾನೆಯ ಮೇವಿನ ಕೋಣೆಯಲ್ಲಿ. ಸಮುದ್ರ ಅಲ್ಲಿಂದ ಒಂದು ಹಗಲಿನ ರೈಲುದಾರಿ. ಸಿಮೆಂಟಿನ ತೊಟ್ಟಿಯ ನೀರಿಗೆ ಉಪ್ಪು ಬೆರೆಸಿ ಕಡಲ ಮೀನನ್ನೇ ಬೆಳೆಸುತ್ತಿದ್ದರು. ಕೆಲಸಗಾರರಿಗೆ ಆಗೀಗ ಒಂದು ಮೀನು ಪುಕ್ಕಟೆ. ಅವಳು ಅದನ್ನು ಹುರಿದು ಬಡಿಸಿದಾಗಲೆಲ್ಲ ಅತ್ತೆ ಒಂದು ತುತ್ತು ಬಾಯಿಗಿಟ್ಟು ಮುಖ ಹುಳ್ಳಗೆ ಮಾಡುತ್ತಿದ್ದಳು.

"ಮೀನೇನೋ ಮೀನೇ ಕಣೇ. ಆದ್ರೆ ಇದ್ರಲ್ಲಿ ಸಮುದ್ರ ಇಲ್ಲ."

"ಒಂದು ಅಲೆ ಕರಿದು ಹಾಕ್ಲಾ ಅತ್ತೆ?"

"ಹಾಕು. ನಿನ್ನ ಕೈಲಿ ಅದೂ ಸೀದು ಹೋಗುತ್ತೆ."

ಇಬ್ಬರೂ ನಗುತ್ತಿದ್ದರು. ನಕ್ಕಾದ ಮೇಲೆ ಅತ್ತೆ ಕಿಟಕಿಯ ಕಡೆ ತಿರುಗಿ, "ತಂಗಿ ಬಾ ಬಾ ಅಂತಿದಾಳೆ" ಎನ್ನುವಳು. ಸೊಸೆ ಬೇಗನೆ ಬೇರೆ ಮಾತು ತೆಗೆಯುವಳು. ಇವರಿಬ್ಬರನ್ನು ಒಂದು ಸೂರಿನಡಿ ತಂದವನು, ಒಬ್ಬಳ ಮಗ, ಇನ್ನೊಬ್ಬಳ ಗಂಡ, ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ತಾಯಿಯ ಮುಖ ಕಾಣದೆ ಬೆಳೆದ ಸೊಸೆಗೆ ತನ್ನವರೆನ್ನಲು ಉಳಿದದ್ದು ಅತ್ತೆಯೊಬ್ಬಳೇ. ಕಡಲ ತಡಿಯ ತಂಗಿಯ ಮನೆಗೆ ಒಮ್ಮೆ ಹೋದರೆ ಅತ್ತೆ ಮತ್ತೆ ಇತ್ತ ಬರುವವಳಲ್ಲ.

ಕೊನೆಗೆ ಸೊಸೆ ಅತ್ತೆಯ ದೂರನ್ನು ಹೇಳಿ, ಮೀನಿಗೆ ಸಮುದ್ರದ ರುಚಿ ಯಾಕಿಲ್ಲವೆಂದು ಕಾರ್ಖಾನೆಯ ಮೀನು ಡಾಕ್ಟರನ್ನೇ ಕೇಳಿದಳು.

"ನಿಮ್ಮತ್ತೆ ನಾಲಿಗೆ ಸುಳ್ಳು ಹೇಳಿಲ್ಲ" ಎಂದ ಆತ. "ಕಡಲ ಪಾಚಿಗೆ ಓಡೋಕೆ ಕಾಲಿಲ್ಲ, ಕಚ್ಚೋಕೆ ಹಲ್ಲಿಲ್ಲ. ಮೇಯೋಕೆ ಬಂದವ್ರನ್ನ ಓಡ್ಸೋಕೆ ನೀರಿನ ಬ್ರೋಮಿನ್ ಹೀರ್ಕೊಂಡು ಒಂದು ಘಾಟು ರಾಸಾಯನಿಕ ಮಾಡ್ಕೊಳ್ಳುತ್ತೆ. ಅದಕ್ಕೂ ಜಗ್ಗದ ಹುಳ, ಸೀಗಡಿ ಪಾಚಿ ತಿಂತಾವೆ. ಅವನ್ನ ಮೀನು ನುಂಗುತ್ತೆ. ಆ ಘಾಟು ಮೀನಿನ ಮೈಯಲ್ಲಿ ಒಂದು ಚೂರು ಉಳಿದ್ರೆ, ನಾವು ಆಹಾ ಸಮುದ್ರ ಅಂತೀವಿ. ನಮ್ಮ ಮೀನು ಪಾಚಿ ಮುಖಾನೇ ನೋಡಿಲ್ಲ."

"ಅಂದ್ರೆ ಪಾಚಿ ಬೈಗುಳಾನೇ ನಮಗೆ ರುಚಿ ಅನ್ನಿ."

"ನಿಮ್ಮನೇಲೂ ಹಾಗೇ ಅಲ್ವೇನಮ್ಮಾ?"

ಮೀನಿಗೆ ಪಾಚಿ ತಿನ್ನಿಸಿ ನೋಡಲು ಮೂಲೆಯ ಸಣ್ಣ ತೊಟ್ಟಿಯನ್ನು ಆತ ಅವಳಿಗೆ ಬಿಟ್ಟುಕೊಟ್ಟ. ಒಂದು ಮೂಟೆ ಒಣಪಾಚಿಯನ್ನೂ ತರಿಸಿಕೊಟ್ಟ. ಮೇವಿನ ಕೋಣೆಯಲ್ಲಿ ಹೊಸದೇನು ಬಂದರೂ ಮೊದಲು ಹಬೆಯ ಯಂತ್ರಕ್ಕೆ ಹಾಕುವುದು ಪದ್ಧತಿ. ಕೈ ರೂಢಿ ಬಿಡಬೇಕಲ್ಲ! ಪಾಚಿಯನ್ನೂ ಹಬೆಗೆ ಒಡ್ಡಿದಳು. ಕೋಣೆಯೆಲ್ಲ ಘಮ್ಮೆಂದಿತು, ಅವಳಿಗೆ ಹಿಗ್ಗೋ ಹಿಗ್ಗು. ಆ ಮೇವು ತಿಂದ ಮೀನು ತಟ್ಟೆಗೆ ಬಂದ ದಿನ ಅತ್ತೆ ಎಂದಿನಂತೆ ಮುಖ ಹುಳ್ಳಗೆ ಮಾಡಿದಳು. ಮೀನಿಗೆ ಸೇರಬೇಕಾದದ್ದು ಗಾಳಿಗೆ ಸೇರಿತ್ತು.

ಎರಡನೆಯ ಸಲ ಬಿಸಿ ತಾಕಿಸಲಿಲ್ಲ. ಪಾಚಿಯನ್ನು ಹಾಗೆಯೇ ಪುಡಿ ಮಾಡಿ, ತಣ್ಣನೆಯ ಮೇವಿನಲ್ಲಿ ಕಲಸಿ, ಕೈಯಲ್ಲೇ ಉಂಡೆ ಕಟ್ಟಿದಳು. ವಾರಗಟ್ಟಲೆ ಹಾಗೇ ತಿನ್ನಿಸಿದಳು. ಅತ್ತೆಗೆ ಮಾತ್ರ ಒಂದು ಮಾತೂ ಹೇಳಲಿಲ್ಲ.

ಅತ್ತೆ ಮೊದಲ ತುತ್ತನ್ನು ಬಾಯಿಗಿಟ್ಟು ಅಗಿಯುವುದನ್ನೇ ನಿಲ್ಲಿಸಿದಳು. ಕಣ್ಣು ಮುಚ್ಚಿದಳು. ಮುಖದ ಸುಕ್ಕುಗಳೆಲ್ಲ ಸಡಿಲವಾದವು.

"ಇದೇ ಕಣೇ. ಎಲ್ಲಿಂದ ತಂದೆ?"

"ನಮ್ಮ ತೊಟ್ಟಿದೇ ಅತ್ತೆ. ಇನ್ಮೇಲೆ ಬೇಕು ಅಂದಾಗೆಲ್ಲ ಸಿಗುತ್ತೆ. ಇಲ್ಲೇ."

ಅತ್ತೆ ಅರ್ಧ ಮೀನು ತಿಂದಳು. ಉಳಿದದ್ದು ಸೇರಲಿಲ್ಲ. ಎಂಜಲು ಕೈಯಲ್ಲೇ ಕಿಟಕಿಯ ಕಡೆ ತಿರುಗಿ, ಮೆಲ್ಲಗೆ ಹೇಳಿದಳು: "ಮರ್ತೇ ಹೋಗಿತ್ತು ಮಗಳೇ. ಬರೀ ಬಾಯ್ಮಾತಿಗೆ ಸಮುದ್ರ ಸಮುದ್ರ ಅಂತಿದ್ದೆ. ಈಗ ನೆನಪಾಯ್ತು. ಇನ್ನು ನನ್ನ ಕೈಲಿ ಇರಕ್ಕಾಗಲ್ಲ. ತಂಗಿಗೆ ಫೋನ್ ಹಚ್ಚಿಕೊಡು."

ಸೊಸೆ ಫೋನು ಹಚ್ಚಿಕೊಟ್ಟಳು. ಕೋಣೆಯಿಂದ ಅತ್ತೆಯ ದನಿ ಕೇಳುತ್ತಿತ್ತು; ಅದಕ್ಕೆ ಹುಡುಗಿಯ ಕಳೆ ಬಂದಿತ್ತು. ಸೊಸೆ ತಟ್ಟೆ ಎತ್ತಲು ಹೋದವಳು ಅಲ್ಲೇ ಕೂತು, ಉಳಿದ ಮೀನಿನ ಒಂದು ತುಂಡು ಮುರಿದು ಬಾಯಿಗಿಟ್ಟಳು. ಸಮುದ್ರವನ್ನು ಒಮ್ಮೆಯೂ ನೋಡದ ಅವಳ ನಾಲಿಗೆಗೆ ತಾಗಿದ್ದು ಆಸ್ಪತ್ರೆಯಂಥದೊಂದು ವಾಸನೆ, ಅಷ್ಟೇ. ಅತ್ತೆಗೆ ಸಿಕ್ಕಿದ್ದು ತನಗೂ ಸಿಕ್ಕೀತೇ ಎಂದು ಇನ್ನೊಂದು ತುಂಡು ಮುರಿದಳು.